ನಾಲ್ಕು ತಿಂಗಳ ಸಂಬಳದಷ್ಟು ಉಳಿತಾಯ ಖಾತೆಯಲ್ಲಿ ಸುಮ್ನೆ ಬಿದ್ದಿದೆ. ಎಲ್ಲಿ ಹಾಕಲಿ?

ಹೊಸಸಂಬಳ:

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಕೆಲಸಕ್ಕೆ ಸೇರಿ ಮೂರು ವರ್ಷದ ಮೇಲಾಯಿತು. ಇಲ್ಲಿಯವರೆಗೆ ನಾಲ್ಕು ತಿಂಗಳ ಸಂಬಳದಷ್ಟು ದುಡ್ಡು ಉಳಿದಿದೆ. ಪೂರ್ತಿ ಉಳಿತಾಯ ಖಾತೆಯಲ್ಲೇ ಇದೆ. ತಿಂಗಳಿಗೆ ಸಂಬಳದ ಹತ್ತನೇ ಒಂದು ಭಾಗ ಉಳಿಸುತ್ತಿದ್ದೇನೆ.

ಖಾತೆಗೆ ಬೀಳುವ ಬಡ್ಡಿ ನೋಡಿದರೆ ಬೇಜಾರಾಗುತ್ತದೆ. ಬೆಲೆಗಳು ಅದಕ್ಕಿಂತ ಬೇಗ ಏರುತ್ತಿವೆ. ಜೊತೆಯಲ್ಲಿ ಕೆಲಸ ಮಾಡುವವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರು ಷೇರು ಅಂತಾರೆ, ಇನ್ನೊಬ್ಬರು ಕ್ರಿಪ್ಟೊ, ಮತ್ತೊಬ್ಬರು ಚಿನ್ನ. ಒಬ್ಬ ಗೆಳೆಯ ತಿಂಗಳಿಗೆ 5% ಗ್ಯಾರಂಟಿ ಕೊಡುವ ಸ್ಕೀಮ್ ಇದೆ, ಬೇಗ ಸೇರು ಅಂತ ದಿನಾ ಮೆಸೇಜ್ ಮಾಡುತ್ತಾನೆ.

ಇನ್ನೊಂದು ವಿಷಯ ಹೇಳಲೇಬೇಕು. ಕ್ರೆಡಿಟ್ ಕಾರ್ಡಿನಲ್ಲಿ ಅರ್ಧ ತಿಂಗಳ ಸಂಬಳದಷ್ಟು ಬಾಕಿ ಇದೆ. ಅದಕ್ಕೆ ಪ್ರತಿ ತಿಂಗಳು ಮಿನಿಮಮ್ ಕಟ್ಟುತ್ತಿದ್ದೇನೆ.

ಈ ನಾಲ್ಕು ತಿಂಗಳ ದುಡ್ಡನ್ನು ಎಲ್ಲಿ ಹಾಕಿದರೆ ಚೆನ್ನಾಗಿ ಬೆಳೆಯುತ್ತದೆ? ಗೊತ್ತಿರುವವರು ದಯವಿಟ್ಟು ಹೇಳಿ.

ಲೆಕ್ಕದಕ್ಕ:

ತಮ್ಮಾ, ನಾನು ಬಹಳ ವರ್ಷದಿಂದ ಸಂಬಳದ ಲೆಕ್ಕ ನೋಡುವ ಕೆಲಸದಲ್ಲಿದ್ದೇನೆ. ನಿನ್ನ ವಯಸ್ಸಿನವರು ಮುಂಗಡ ಕೇಳಿಕೊಂಡು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತಾರೆ. ಅವರಲ್ಲಿ ಎಷ್ಟೋ ಜನ ಉಳಿತಾಯ ಮಾಡದವರೇನಲ್ಲ. ದುಡ್ಡು ಇರುತ್ತದೆ, ಆದರೆ ಬೇಕಾದ ವಾರದಲ್ಲಿ ಕೈಗೆ ಬರುವ ಜಾಗದಲ್ಲಿ ಇರುವುದಿಲ್ಲ. ಒಬ್ಬರದು ಐದು ವರ್ಷ ಮುಟ್ಟುವಂತಿಲ್ಲದ ಪಾಲಿಸಿಯಲ್ಲಿ ಸಿಕ್ಕಿಕೊಂಡಿದ್ದರೆ ಇನ್ನೊಬ್ಬರದು ಬಿದ್ದ ಷೇರಿನಲ್ಲಿ. ಈ ಅನುಭವದ ಮೇಲೆ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಕಾರ್ಡು. ಬೇರೆ ಎಲ್ಲ ಆಮೇಲೆ. ಅದರ ಬಡ್ಡಿ ತಿಂಗಳಿಗೆ 3% ಅಂತ ಇಟ್ಟುಕೋ. ಬಡ್ಡಿಯ ಮೇಲೆ ಬಡ್ಡಿ ಸೇರಿ ವರ್ಷಕ್ಕೆ 42% ದಾಟುತ್ತದೆ. ನಿನ್ನ ಬ್ಯಾಂಕಿನ ದರ ಇದಕ್ಕಿಂತ ಕಮ್ಮಿ ಇರಬಹುದು, ಸ್ಟೇಟ್‌ಮೆಂಟಿನಲ್ಲಿ ನೋಡು. ಏನೇ ಆದರೂ ನಿನಗೆ ಖಾತೆಯಲ್ಲಿ ಸಿಗುವ ಬಡ್ಡಿಯ ಹಲವು ಪಟ್ಟು ಇರುತ್ತದೆ. ಅಷ್ಟು ಲಾಭವನ್ನು ಖಂಡಿತ ಕೊಡುವ ಹೂಡಿಕೆ ನಿನಗೆ ಎಲ್ಲೂ ಸಿಗುವುದಿಲ್ಲ. ಬಾಕಿ ತೀರಿಸಿದರೆ ಮಾತ್ರ ಅದು ಖಂಡಿತ ನಿನ್ನದಾಗುತ್ತದೆ. ಇನ್ನೂ ಒಂದು ಸಂಗತಿ ತುಂಬಾ ಜನಕ್ಕೆ ಗೊತ್ತಿಲ್ಲ. ಬಾಕಿ ಉಳಿಸಿಕೊಂಡಿದ್ದರೆ ಸಾಮಾನ್ಯವಾಗಿ ಹೊಸ ಖರೀದಿಗೆ ಸಿಗುವ ಬಡ್ಡಿರಹಿತ ದಿನಗಳೂ ಹೋಗುತ್ತವೆ. ಅಂದರೆ ಇವತ್ತು ಕಾರ್ಡು ಉಜ್ಜಿದ್ದಕ್ಕೆ ಇವತ್ತಿನಿಂದಲೇ ಬಡ್ಡಿ. ಅದಕ್ಕೇ ಮಿನಿಮಮ್ ಕಟ್ಟುವವರ ಬಾಕಿ ಇಳಿಯುವುದೇ ಇಲ್ಲ. ಈ ವಾರವೇ ಉಳಿತಾಯದಿಂದ ತೆಗೆದು ಪೂರ್ತಿ ಕಟ್ಟಿಬಿಡು.

ಈಗ ಉಳಿದದ್ದು ಮೂರೂವರೆ ತಿಂಗಳ ಸಂಬಳ. ನೀನು ಸಂಬಳದ ಹತ್ತರಲ್ಲಿ ಒಂಬತ್ತು ಭಾಗ ಖರ್ಚು ಮಾಡುತ್ತೀಯ. ಹಾಗಾದರೆ ಆ ದುಡ್ಡಿನಲ್ಲಿ ಹೆಚ್ಚುಕಮ್ಮಿ ನಾಲ್ಕು ತಿಂಗಳು ಬದುಕಬಹುದು. ಕೆಲಸ ಹೋದರೆ, ಕಾಯಿಲೆ ಬಂದರೆ ಅಂತ ಮೂರರಿಂದ ಆರು ತಿಂಗಳ ಖರ್ಚನ್ನು ಬೇರೆ ಇಡಿ ಅಂತ ಎಲ್ಲರೂ ಹೇಳುತ್ತಾರಲ್ಲ, ನಿನ್ನ ಹತ್ತಿರ ಇರುವುದು ಅಷ್ಟೇ. ನಿನ್ನ ಇಡೀ ಉಳಿತಾಯ ಆಪತ್ತಿನ ದುಡ್ಡು. ಅದು ಸುಮ್ನೆ ಬಿದ್ದಿದೆ ಅಂತ ನಿನಗೆ ಅನ್ನಿಸುತ್ತಿದೆ. ಆದರೆ ಅದು ಇಲ್ಲದಿದ್ದರೆ ಮುಂದಿನ ಸಲ ಗಾಡಿ ಕೆಟ್ಟಾಗ, ಹಲ್ಲು ಕೀಳಿಸಬೇಕಾದಾಗ ಮತ್ತೆ ಅದೇ 42% ಸಾಲಕ್ಕೆ ಹೋಗುತ್ತೀಯ. ಅದನ್ನು ತಪ್ಪಿಸುವುದೇ ಆ ದುಡ್ಡಿನ ದುಡಿಮೆ. ಅದನ್ನು ಬೆಳೆಸುವುದಕ್ಕೆ ಅಂತ ಕಳಿಸಬೇಡ. ಬೆಳೆಯಬೇಕಾದದ್ದು ಇನ್ಮುಂದೆ ಉಳಿಸುವ ದುಡ್ಡು.

ಹಾಗಂತ ಪೂರ್ತಿ ಆ ಖಾತೆಯಲ್ಲೇ ಇಡಬೇಕಿಲ್ಲ. ಒಂದು ತಿಂಗಳ ಖರ್ಚು ಖಾತೆಯಲ್ಲಿ ಇರಲಿ. ಮಿಕ್ಕಿದ್ದನ್ನು ಮೂರು ಸಣ್ಣ ಎಫ್‌ಡಿ ಮಾಡು. ಒಂದೇ ದೊಡ್ಡದು ಬೇಡ. ಮೂರು ತಿಂಗಳಿಗೊಂದು, ಆರು ತಿಂಗಳಿಗೊಂದು, ಒಂಬತ್ತು ತಿಂಗಳಿಗೊಂದು ಮುಗಿಯುವ ಹಾಗೆ ಇಟ್ಟರೆ ಯಾವಾಗಲೂ ಒಂದು ಹತ್ತಿರದಲ್ಲೇ ಇರುತ್ತದೆ. ಮಧ್ಯೆ ಬೇಕಾದರೆ ಒಂದನ್ನು ಮಾತ್ರ ಮುರಿಸಿದರೆ ಸಾಕು, ಬಡ್ಡಿಯಲ್ಲಿ ಸ್ವಲ್ಪ ಹೋಗುತ್ತದೆ, ಅಷ್ಟೇ. ಅವಧಿಗೆ ಮೊದಲು ಮುರಿಸಲು ಬಿಡದ ಎಫ್‌ಡಿಗಳೂ ಇವೆ. ಬಡ್ಡಿ ಒಂಚೂರು ಜಾಸ್ತಿ ತೋರಿಸುತ್ತಾರೆ. ಈ ದುಡ್ಡಿಗೆ ಅವು ಬೇಡ. ಬ್ಯಾಂಕಿಗೆ ಠೇವಣಿ ವಿಮೆ ಇದೆಯಾ, ಎಷ್ಟರವರೆಗೆ ಇದೆ ಅಂತಲೂ ನೋಡಿಕೋ.

ಗೆಳೆಯನ ಸ್ಕೀಮಿಗೆ ಒಂದು ಲೆಕ್ಕ ಹೇಳುತ್ತೇನೆ, ಅವನಿಗೂ ತೋರಿಸು. ತಿಂಗಳಿಗೆ 5% ಅಂದರೆ ವರ್ಷಕ್ಕೆ ಸುಮಾರು 80%. ಹತ್ತು ವರ್ಷ ಹಾಗೇ ಬಿಟ್ಟರೆ 100 ಇದ್ದದ್ದು 34,000 ದಾಟುತ್ತದೆ. ಹೀಗೆ ದುಡ್ಡು ಬೆಳೆಸುವ ವಿದ್ಯೆ ಗೊತ್ತಿದ್ದವರು ನಿನ್ನ ನಾಲ್ಕು ತಿಂಗಳ ಸಂಬಳ ಕೇಳುತ್ತಾ ಯಾಕೆ ಬರುತ್ತಾರೆ? 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ ಅನ್ನುವವನು 45 ದಿನಕ್ಕೆ 50% ಕೊಡುತ್ತೇನೆ ಅಂದ. ಮೊದಲು ಬಂದವರಿಗೆ ಕೊಟ್ಟ ಕೂಡ, ಆಮೇಲೆ ಬಂದವರ ದುಡ್ಡಿನಿಂದ. ಕೆಲವೇ ತಿಂಗಳಲ್ಲಿ ಎಲ್ಲ ಕುಸಿಯಿತು. ಇವತ್ತಿಗೂ ಇಂಥ ಮೋಸಕ್ಕೆ ಅವನ ಹೆಸರೇ ಇದೆ. ನಿನ್ನ ಗೆಳೆಯ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ಅವನಿಗೆ ಈವರೆಗೆ ಸರಿಯಾಗಿ ದುಡ್ಡು ಬಂದಿರಬಹುದು, ಅದಕ್ಕೇ ಅವನು ನಂಬಿದ್ದಾನೆ. ಹಾಕಿದ ಅಸಲನ್ನು ಆದಷ್ಟು ಬೇಗ ವಾಪಸ್ ತೆಗೆದುಕೊಳ್ಳಲು ಹೇಳು.

ಗ್ರಾಫ್‌ಪ್ರಿಯ:

ಅಕ್ಕಾ, ಕಾರ್ಡು ಮತ್ತು ಸ್ಕೀಮಿನ ವಿಷಯ ಒಪ್ಪಿದೆ. ಎಫ್‌ಡಿ ವಿಷಯ ಒಪ್ಪುವುದಿಲ್ಲ. 24ರ ಹುಡುಗನಿಗೆ ಇದು ತೀರಾ ಭಯದ ಸಲಹೆ. 72ನ್ನು ಬೆಲೆಯೇರಿಕೆಯ ದರದಿಂದ ಭಾಗಿಸಿ. ವರ್ಷಕ್ಕೆ 6% ಬೆಲೆ ಏರಿದರೆ 12 ವರ್ಷದಲ್ಲಿ ದುಡ್ಡಿನ ಬೆಲೆ ಅರ್ಧ ಆಗುತ್ತದೆ. ಇದು ಇವತ್ತಿನ ಲೆಕ್ಕವಲ್ಲ, ಇಟಲಿಯ ಲೂಕಾ ಪಾಚೋಲಿ 1494ರ ಪುಸ್ತಕದಲ್ಲೇ ಈ 72ರ ಸೂತ್ರ ಬರೆದಿದ್ದಾನೆ. ದೀರ್ಘಾವಧಿಯಲ್ಲಿ ಷೇರೇ ಮುಂದೆ. ಪೂರ್ತಿ ಇಂಡೆಕ್ಸ್ ಫಂಡಿಗೆ ಹಾಕಿ ಮರೆತುಬಿಡಲಿ. ಬೇಕಾದಾಗ ಎರಡು ಮೂರು ದಿನದಲ್ಲಿ ಮಾರಬಹುದಲ್ವಾ?

ಲೆಕ್ಕದಕ್ಕ:

ಮಾರಬಹುದು. ಯಾವ ಬೆಲೆಗೆ ಅನ್ನುವುದೇ ಪ್ರಶ್ನೆ.

2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ (ಅಲ್ಲಿನ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಒಟ್ಟಿಗೆ ತೋರಿಸುವ ಅಳತೆ) ಸುಮಾರು 57% ಬಿತ್ತು. ಅದೇ 2009ರ ಅಕ್ಟೋಬರ್‌ನಲ್ಲಿ ಅಲ್ಲಿನ ನಿರುದ್ಯೋಗ 10% ಮುಟ್ಟಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಷೇರು ಬೀಳುವ ಕಾಲ ಮತ್ತು ಕೆಲಸ ಹೋಗುವ ಕಾಲ ಬಹಳ ಸಲ ಒಂದೇ ಆಗಿರುತ್ತದೆ, ಯಾಕೆಂದರೆ ಎರಡಕ್ಕೂ ಕಾರಣ ಒಂದೇ. ಕಂಪನಿಗಳ ವ್ಯಾಪಾರ ಇಳಿದಿರುತ್ತದೆ. ನಾಲ್ಕು ತಿಂಗಳಿಗೆ ಆಗಬೇಕಾಗಿದ್ದ ದುಡ್ಡು ಎರಡು ತಿಂಗಳಿಗೂ ಸಾಲದೆ ಹೋಗುತ್ತದೆ, ಅದೂ ಕೆಲಸ ಹುಡುಕುತ್ತಿರುವಾಗಲೇ. ಆ ಸೂಚ್ಯಂಕ 2007ರ ಮಟ್ಟಕ್ಕೆ ವಾಪಸ್ ಬಂದದ್ದು 2013ರ ಮಾರ್ಚ್‌ನಲ್ಲಿ. ಕಾಯಲು ಆದವರಿಗೆ ಏನೂ ಆಗಲಿಲ್ಲ, ನಿಜ. ಬಾಡಿಗೆ ಕಟ್ಟಬೇಕಾದವರಿಗೆ ಕಾಯಲು ಆಗುವುದಿಲ್ಲ.

ಬೆಲೆಯೇರಿಕೆಯ ಮಾತು ಸರಿ. ಅದಕ್ಕೆ 12 ವರ್ಷ ಬಿಟ್ಟಿಡುವ ದುಡ್ಡು ಬ್ಯಾಂಕಿನಲ್ಲಿ ಇರಬಾರದು. ಆದರೆ ಆಪತ್ತಿನ ದುಡ್ಡು ಯಾವಾಗ ಬೇಕಾಗುತ್ತದೆ ಅಂತ ಗೊತ್ತಿಲ್ಲ. ನಾಳೆಯೇ ಇರಬಹುದು.

ನಾನು ಎಲ್ಲರಿಗೂ ಹೇಳುವುದು ಇದನ್ನೇ. ದುಡ್ಡಿಗೆ ತಾರೀಖು ಹಾಕಿ. ಯಾವಾಗ ಬೇಕು ಅಂತ ಮೊದಲು ಬರೆದಿಡಿ, ಎಲ್ಲಿ ಹಾಕಬೇಕು ಅಂತ ಅದೇ ಹೇಳುತ್ತದೆ. ಯಾವಾಗ ಬೇಕಾದರೂ ಬೇಕಾಗಬಹುದು ಅಂದರೆ ಖಾತೆ ಮತ್ತು ಸಣ್ಣ ಎಫ್‌ಡಿ. ಮೂರು ನಾಲ್ಕು ವರ್ಷದೊಳಗೆ ಬೇಕು ಅಂದರೆ ಅಸಲು ಕರಗದ ಜಾಗ. ಹತ್ತು ವರ್ಷ ದಾಟಿದ ಮೇಲೆ ಅಂದರೆ ಷೇರು. ಮಧ್ಯದ ವರ್ಷಗಳಿಗೆ ಎರಡನ್ನೂ ಬೆರೆಸಿಕೊಳ್ಳಿ. ಎಷ್ಟು ಅನ್ನುವುದು ದುಡ್ಡು ಬಿದ್ದಾಗ ನಿದ್ದೆ ಬರುತ್ತದಾ ಅನ್ನುವುದರ ಮೇಲೆ ಹೋಗುತ್ತದೆ.

ನಿಧಾನಿ:

ಲೆಕ್ಕದಕ್ಕ ಹೇಳಿದ್ದಕ್ಕೆ ಒಂದೇ ಒಂದು ಸೇರಿಸುತ್ತೇನೆ. ಪ್ರಶ್ನೆ ಕೇಳಿದವರು ಬಡ್ಡಿ ದರದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ಬದಲು ಉಳಿಸುವ ಪಾಲು ಏರಿಸುವುದು ಒಳ್ಳೆಯದು. ಸಂಬಳ ಬಂದ ದಿನವೇ ತಾನಾಗಿ ಬೇರೆ ಖಾತೆಗೆ ಹೋಗುವ ಹಾಗೆ ಮಾಡಿ. ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಹಾಕುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ.

ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಇದನ್ನು ಒಂದು ಕಂಪನಿಯ ನೌಕರರ ಜೊತೆ ಮಾಡಿ ನೋಡಿದ್ದರು. ಈಗಿನ ಸಂಬಳದಲ್ಲಿ ಏನೂ ಕಡಿತ ಬೇಡ, ಮುಂದೆ ಸಂಬಳ ಏರಿದಾಗಲೆಲ್ಲ ಏರಿದ್ದರಲ್ಲಿ ಒಂದು ಪಾಲು ಉಳಿತಾಯಕ್ಕೆ ಹೋಗಲಿ ಅಂತ ಮೊದಲೇ ಒಪ್ಪಿಗೆ ತೆಗೆದುಕೊಂಡರು. ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ 3.5%ನಿಂದ 13.6%ಗೆ ಏರಿತು. ಕೈಗೆ ಬರುವ ಸಂಬಳ ಇಳಿಯದ ಕಾರಣ ಸೇರಿದವರಲ್ಲಿ ಹೆಚ್ಚಿನವರು ಮಧ್ಯೆ ಬಿಡಲಿಲ್ಲ. ಇದು 2004ರಲ್ಲಿ ಪ್ರಕಟವಾಯಿತು. ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು.

ಲೆಕ್ಕದಕ್ಕ:

ನಿಧಾನಿ ಹೇಳಿದ್ದು ಬಹಳ ಮುಖ್ಯ. ತಮ್ಮಾ, ನಿನ್ನ ಲೆಕ್ಕದಲ್ಲೇ ನೋಡು. ನಾಲ್ಕು ತಿಂಗಳ ಸಂಬಳದಷ್ಟು ದುಡ್ಡಿಗೆ ಈಗಿನದಕ್ಕಿಂತ 2% ಜಾಸ್ತಿ ಬಡ್ಡಿ ಕೊಡುವ ಜಾಗ ಹುಡುಕಿದೆ ಅಂತ ಇಟ್ಟುಕೊಳ್ಳೋಣ. ಒಂದು ವರ್ಷಕ್ಕೆ ನಿನಗೆ ಬರುವುದು ಸುಮಾರು ಎರಡೂವರೆ ದಿನದ ಸಂಬಳ. ಅದೇ ತಿಂಗಳ ಉಳಿತಾಯವನ್ನು 10%ನಿಂದ 15%ಗೆ ಏರಿಸಿದರೆ ವರ್ಷಕ್ಕೆ ಹದಿನೆಂಟು ದಿನದ ಸಂಬಳ ಜಾಸ್ತಿ ಸೇರುತ್ತದೆ. ದುಡ್ಡು ಸಣ್ಣದಿರುವಾಗ ದರಕ್ಕೆ ಬಲ ಇಲ್ಲ. ದೊಡ್ಡದಾದ ಮೇಲೆ, ವರ್ಷಗಳು ಸೇರಿದ ಮೇಲೆ ಬಲ ಬರುತ್ತದೆ. 100ನ್ನು 30 ವರ್ಷ 6%ನಲ್ಲಿ ಬಿಟ್ಟರೆ 574, 8%ನಲ್ಲಿ ಬಿಟ್ಟರೆ 1,006. ಅದಕ್ಕೇ ದೂರದ ತಾರೀಖಿನ ದುಡ್ಡಿಗೆ ಮಾತ್ರ ದರದ ಬೆನ್ನು ಹತ್ತಬೇಕು.

ಹೊಸಸಂಬಳ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾರ್ಡಿನ ಬಾಕಿ ಇವತ್ತೇ ಕಟ್ಟುತ್ತೇನೆ. ಗೆಳೆಯನಿಗೂ 34,000ದ ಲೆಕ್ಕ ಕಳಿಸಿದೆ, ಇನ್ನೂ ಉತ್ತರ ಬಂದಿಲ್ಲ.

ಅಕ್ಕಾ, ತಾರೀಖು ಹಾಕು ಅಂದಿರಲ್ಲ, ಹಾಕಿ ನೋಡಿದೆ. ಮೂರು ವರ್ಷದಲ್ಲಿ ಮುಂದಿನ ಓದಿಗೆ ಸೇರಬೇಕು ಅಂತ ಆಸೆ ಇದೆ. ಸುಮಾರು ನಾಲ್ಕು ತಿಂಗಳ ಸಂಬಳದಷ್ಟು ಫೀಸು ಬೇಕು. ಅದು ಬಿಟ್ಟು ಮಿಕ್ಕಿದ್ದಕ್ಕೆ ತಾರೀಖೇ ಇಲ್ಲ, ವಯಸ್ಸಾದಾಗ ಬೇಕು, ಅಷ್ಟೇ. ತಿಂಗಳಿಗೆ 15% ಉಳಿಸಬಲ್ಲೆ ಅನ್ನಿಸುತ್ತದೆ. ಹೇಗೆ ಹಂಚಲಿ? ಇಂಡೆಕ್ಸ್ ಫಂಡ್ ಅಂದರೆ ಸರಿಯಾಗಿ ಏನು, ಯಾವುದನ್ನು ತಗೊಳ್ಳಲಿ?

ಗ್ರಾಫ್‌ಪ್ರಿಯ:

ಫಂಡಿನದು ನಾನು ಹೇಳುತ್ತೇನೆ. ಸೂಚ್ಯಂಕದಲ್ಲಿ ಎಷ್ಟು ಕಂಪನಿ ಇವೆಯೋ ಅಷ್ಟನ್ನೂ ಅದೇ ಪ್ರಮಾಣದಲ್ಲಿ ಕೊಳ್ಳುವ ಫಂಡ್ ಅದು. ಯಾವ ಷೇರು ಏರುತ್ತದೆ ಅಂತ ಯಾರೂ ಕೂತು ಆರಿಸುವುದಿಲ್ಲ. ಆರಿಸುವವರ ಸಂಬಳ ಉಳಿಯುವುದರಿಂದ ಖರ್ಚು ಕಮ್ಮಿ. ಜಾನ್ ಬೋಗಲ್ 1976ರಲ್ಲಿ ಸಾಮಾನ್ಯ ಜನರಿಗೆ ಇಂಥ ಮೊದಲ ಫಂಡ್ ತಂದಾಗ 15 ಕೋಟಿ ಡಾಲರ್ ಸೇರುತ್ತದೆ ಅಂದುಕೊಂಡಿದ್ದರು. ಸೇರಿದ್ದು ಸುಮಾರು 1.13 ಕೋಟಿ. ಬೋಗಲ್‌ನ ಹುಚ್ಚುತನ ಅಂತ ಜನ ಆಡಿಕೊಂಡರು.

ಆಮೇಲೆ ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಇದರ ಮೇಲೇ ಪಂದ್ಯ ಕಟ್ಟಿದರು. 2008ರಿಂದ 2017ರವರೆಗೆ ಹತ್ತು ವರ್ಷ. ಒಂದು ಕಡೆ ಎಸ್ ಅಂಡ್ ಪಿ 500 ಇಂಡೆಕ್ಸ್ ಫಂಡ್, ಇನ್ನೊಂದು ಕಡೆ ಪರಿಣತರು ಆರಿಸಿದ, ಸಿರಿವಂತರ ದುಡ್ಡನ್ನು ಜಾಸ್ತಿ ಶುಲ್ಕಕ್ಕೆ ನೋಡಿಕೊಳ್ಳುವ ಹೆಡ್ಜ್ ಫಂಡ್‌ಗಳಲ್ಲಿ ದುಡ್ಡು ಹಾಕುವ ಐದು ಫಂಡ್. ಇಂಡೆಕ್ಸ್ ಫಂಡ್ 125.8% ಬೆಳೆಯಿತು. ಆ ಐದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದೂ 87.7% ಮಾತ್ರ. ನೆನಪಿರಲಿ, ಆ ಹತ್ತು ವರ್ಷದಲ್ಲಿ 2008ರ ಕುಸಿತವೂ ಸೇರಿತ್ತು.

ಲೆಕ್ಕದಕ್ಕ:

ಚೆನ್ನಾಗಿ ಹೇಳಿದ್ರಿ. ಅದಕ್ಕೆ ಎರಡು ಮಾತು ಸೇರಿಸುತ್ತೇನೆ.

ಫಂಡ್ ಆರಿಸುವಾಗ ಹೋದ ವರ್ಷ ಎಷ್ಟು ಕೊಟ್ಟಿತು ಅಂತ ನೋಡುವ ಮೊದಲು ವರ್ಷಕ್ಕೆ ಎಷ್ಟು ಖರ್ಚು ಹಿಡಿಯುತ್ತಾರೆ ಅಂತ ನೋಡು. ಮಾರುಕಟ್ಟೆ 7% ಕೊಟ್ಟರೆ 100 ಇದ್ದದ್ದು 30 ವರ್ಷದಲ್ಲಿ 761 ಆಗುತ್ತದೆ. ಅದರಲ್ಲಿ ಪ್ರತಿ ವರ್ಷ 1.5% ಖರ್ಚು ಅಂತ ಕಳೆದರೆ ಕೈಗೆ ಬರುವುದು 498. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. ಒಂದೂವರೆ ಪರ್ಸೆಂಟ್ ತಾನೇ ಅಂತ ಅನ್ನಿಸುತ್ತದೆ. ಬ್ರೋಷರಿನಲ್ಲೂ ಸಣ್ಣ ಅಕ್ಷರದಲ್ಲೇ ಇರುತ್ತದೆ. ನನಗೆ ಇದನ್ನು ನೋಡಿದಾಗೆಲ್ಲ ಸಿಟ್ಟು ಬರುತ್ತದೆ, ಯಾಕೆಂದರೆ ಹೊಸದಾಗಿ ಸಂಬಳ ಕಂಡ ಮಕ್ಕಳಿಗೇ ಇಂಥದ್ದನ್ನು ಹೆಚ್ಚು ಮಾರುತ್ತಾರೆ.

ಎರಡನೆಯದು, ಒಂದೇ ದೇಶದ ಸೂಚ್ಯಂಕವನ್ನು ಪೂರ್ತಿ ನಂಬಬೇಡ. ಜಪಾನಿನ ಷೇರು ಸೂಚ್ಯಂಕ ನಿಕ್ಕೈ 1989ರ ಡಿಸೆಂಬರ್‌ನಲ್ಲಿ 38,915ಕ್ಕೆ ಏರಿತ್ತು. ಅದನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಡಿವಿಡೆಂಡ್ (ಕಂಪನಿಗಳು ಷೇರುದಾರರಿಗೆ ಹಂಚುವ ಲಾಭ) ಸೇರಿಸಿದರೆ ಕಾಯುವ ಕಾಲ ಕಮ್ಮಿಯಾಗುತ್ತದೆ, ಆದರೂ ತುಂಬಾ ಉದ್ದ. ಎಷ್ಟೋ ದೇಶದ ಕಂಪನಿಗಳು ಸೇರಿದ ಫಂಡ್ ಸಿಕ್ಕರೆ ಒಂದು ಪಾಲು ಅಲ್ಲಿರಲಿ.

ಈಗ ನಿನ್ನ ಹಂಚಿಕೆ. ಫೀಸಿನ ದುಡ್ಡಿಗೆ ತಿಂಗಳಿಗೆ 10% ಇಡು. ಮೂರು ವರ್ಷಕ್ಕೆ ಕಟ್ಟಿದ್ದೇ ಮೂರೂವರೆ ತಿಂಗಳ ಸಂಬಳ ದಾಟುತ್ತದೆ. 6% ಬಡ್ಡಿ ಸಿಕ್ಕರೆ ಹೆಚ್ಚುಕಮ್ಮಿ ನಾಲ್ಕು ತಿಂಗಳದ್ದಾಗುತ್ತದೆ. ಇದು ಷೇರಿನಲ್ಲಿ ಬೇಡ. 6%ನ ಬದಲು 10% ಸಿಕ್ಕಿದ್ದರೂ ಮೂರು ವರ್ಷಕ್ಕೆ ನಿನಗೆ ಜಾಸ್ತಿ ಬರುತ್ತಿದ್ದದ್ದು ಸುಮಾರು ಒಂದು ವಾರದ ಸಂಬಳ. ಒಂದು ವಾರದ ಸಂಬಳಕ್ಕೆ ಆ ವರ್ಷದ ಸೀಟನ್ನು ಪಣಕ್ಕೆ ಇಡಬೇಡ. ಈ ಓದು ನಿನ್ನ ಸಂಬಳ ಏರಿಸುವಂಥದ್ದೇ ಆದರೆ ಯಾವ ಫಂಡೂ ಕೊಡದಷ್ಟು ಅದೇ ಕೊಡುತ್ತದೆ. ಸೇರುವ ಮೊದಲು ಅದನ್ನು ಓದಿ ಮುಗಿಸಿದ ನಾಲ್ಕಾರು ಜನರನ್ನು ಮಾತಾಡಿಸು. ಅವರಿಗೆ ಈಗ ಏನು ಕೆಲಸ ಸಿಕ್ಕಿದೆ, ಸಂಬಳ ಎಷ್ಟು ಏರಿತು ಅಂತ ಕೇಳು. ಕಾಲೇಜಿನವರ ಜಾಹೀರಾತು ಸಾಲದು.

ಉಳಿದ 5% ವಯಸ್ಸಾದ ಕಾಲಕ್ಕೆ, ಇಂಡೆಕ್ಸ್ ಫಂಡಿಗೆ, ಸಂಬಳದ ಮಾರನೇ ದಿನ ತಾನಾಗಿ ಹೋಗಲಿ. ನಿನ್ನ ಕಂಪನಿಯಲ್ಲಿ ನಿವೃತ್ತಿಗೆ ನೀನು ಹಾಕಿದಷ್ಟೇ ಅವರೂ ಹಾಕುವ ಏರ್ಪಾಡಿದ್ದರೆ ಮೊದಲು ಅಲ್ಲಿಗೆ ಹಾಕು. ಸಂಬಳ ಏರಿದಾಗ ಏರಿದ್ದರ ಅರ್ಧವನ್ನು ಇದಕ್ಕೇ ಸೇರಿಸು. ಕ್ರಿಪ್ಟೊ ಬೇಕೇ ಬೇಕು ಅನ್ನಿಸಿದರೆ ಪೂರ್ತಿ ಹೋದರೂ ಆಪತ್ತು, ಫೀಸು, ವಯಸ್ಸಾದ ಕಾಲ ಈ ಮೂರು ಲೆಕ್ಕಗಳಲ್ಲಿ ಒಂದೂ ಅಲುಗದಷ್ಟು ಮಾತ್ರ. ನನ್ನನ್ನು ಕೇಳಿದರೆ ಈಗ ಬೇಡ.

ಹೊಸಸಂಬಳ:

ಇವತ್ತು ಕಾರ್ಡಿನ ಬಾಕಿ ಪೂರ್ತಿ ಕಟ್ಟಿದೆ. ನಾಳೆ ಎಫ್‌ಡಿ ಮಾಡಲು ಕೂರುತ್ತೇನೆ. ಮಾಡುವಾಗ ಇನ್ನೇನಾದರೂ ನೋಡಬೇಕಾ ಅಕ್ಕಾ?

ಲೆಕ್ಕದಕ್ಕ:

ಬಹಳ ಸಂತೋಷ ಆಯ್ತು. ಮುಂದಿನ ಸ್ಟೇಟ್‌ಮೆಂಟ್ ಬಂದಾಗ ಒಂದು ಸಲ ನೋಡು. ಕಟ್ಟುವ ದಿನದವರೆಗಿನ ಬಡ್ಡಿ ಅಂತ ಒಂದಿಷ್ಟು ಬಂದಿರುತ್ತದೆ. ಅದನ್ನೂ ಕಟ್ಟಿದರೆ ಮುಗಿಯಿತು, ಬಿಟ್ಟರೆ ಮತ್ತೆ ಶುರುವಾಗುತ್ತದೆ.

ಎಫ್‌ಡಿ ಮಾಡುವ ಪುಟದಲ್ಲಿ ಅವಧಿ ಮುಗಿದ ಮೇಲೆ ಏನು ಮಾಡಬೇಕು ಅಂತ ಕೇಳುತ್ತಾರೆ. ತಾನಾಗಿ ಮುಂದುವರಿಸಿ ಅನ್ನುವುದಕ್ಕೆ ಮೊದಲೇ ಟಿಕ್ ಹಾಕಿರಬಹುದು. ಆಪತ್ತಿನ ಮೂರು ಎಫ್‌ಡಿಗೆ ಅದು ಇರಲಿ, ಆದರೆ ಮುಗಿದಾಗ ಅದೇ ಸಣ್ಣ ಅವಧಿಗೇ ಮುಂದುವರಿಯುತ್ತದಾ ಅಂತ ನೋಡಿಕೋ. ಫೀಸಿನ ದುಡ್ಡಿನದಕ್ಕೆ ಆ ಟಿಕ್ ತೆಗೆದುಬಿಡು, ಮುಗಿಯುವ ದಿನ ಫೀಸು ಕಟ್ಟುವ ದಿನಕ್ಕಿಂತ ಒಂದು ತಿಂಗಳು ಮುಂಚೆ ಬರಲಿ. ನಾಮಿನಿ ಹೆಸರು ತುಂಬಲು ಮರೆಯಬೇಡ.